ಮುಖಕ್ಕೆ ಹೋದ ಕೇಕು

ಅಡುಗೆ ಮಾಡುವವರ ಆಸೆ ದೊಡ್ಡದೇನಲ್ಲ. ತಿಂದವರು ಒಂದು ಸಲ 'ಚೆನ್ನಾಗಿದೆ' ಅಂದರೆ ಸಾಕು, ಬೆಳಗಿನಿಂದ ಒಲೆ ಮುಂದೆ ಬೆಂದದ್ದೆಲ್ಲ ಮರೆತುಹೋಗುತ್ತದೆ. ನನಗೂ ಇದ್ದದ್ದು ಆ ಒಂದೇ ಆಸೆ. ಅದಕ್ಕಾಗಿಯೇ ಟೈಲ್ಸ್ ಅಂಗಡಿಯ ಲೆಕ್ಕ ಬರೆಯುವ ಕೆಲಸ ಬಿಟ್ಟು, ಬೆಂಗಳೂರಿನಲ್ಲಿ ಬೇಕರಿ ಕೋರ್ಸ್ ಮಾಡಿ, ಉಪ್ಪಾರಹಳ್ಳಿಯ ನಮ್ಮ ಮನೆಯ ಕಾರ್ ಶೆಡ್ಡಿನಲ್ಲಿ ಓವನ್ ಇಟ್ಟೆ. ಕಾರು ಇರಲಿಲ್ಲವಾದ್ದರಿಂದ ಜಾಗಕ್ಕೇನೂ ತೊಂದರೆಯಾಗಲಿಲ್ಲ. ಅಮ್ಮ ಮಾತ್ರ ಶಿವಪೂಜೆ ಮುಗಿಸಿ ಬಂದು ಬಾಗಿಲಲ್ಲೇ ನಿಂತು, "ಮೊಟ್ಟೆ ಒಳಗ್ ಬಂದ್ರೆ ನಾನ್ ಹೊರಗ್ ಹೋಗ್ತೀನಿ ಕಣೋ" ಎಂದಳು. ಹೀಗಾಗಿ ನಾನು ಮೊಟ್ಟೆಯಿಲ್ಲದ ಕೇಕಿನ ತಜ್ಞನಾದೆ.

ಫೋನಿನಲ್ಲಿ ನನ್ನ ಕೇಕುಗಳ ಫೋಟೋ ನೋಡಿ ಆರ್ಡರುಗಳೇನೋ ಬಂದವು. ಕುಣಿಗಲ್‌ನ ಒಬ್ಬರು ತಮ್ಮ ಹುಟ್ಟುಹಬ್ಬಕ್ಕೆ ಕುದುರೆ ಆಕಾರದ ಕೇಕು ಬೇಕೆಂದರು. ಕುದುರೆ ಫಾರಂ ಇರುವ ಊರಿಗೆ ಕತ್ತೆಯಂಥದ್ದನ್ನು ಒಯ್ದರೆ ಮಾನ ಉಳಿದೀತೇ? ಹೆದರಿ ಹೆದರಿ ಜೂಲಿನ ಒಂದೊಂದು ಎಳೆಯನ್ನೂ ಕ್ರೀಮಿನಲ್ಲಿ ಬಿಡಿಸಿದೆ. ಬಸ್ಸಿನಲ್ಲಿ ಹಸುಗೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಹೋದೆ. ಅಲ್ಲಿ ಮೇಣದಬತ್ತಿ ಆರಿಸಿದರು, ಬಾಲದ ತುದಿ ಕತ್ತರಿಸಿದರು, ಮಿಕ್ಕ ಕುದುರೆಯನ್ನೆಲ್ಲ ಎತ್ತಿ ಆ ಯಜಮಾನರ ಮುಖಕ್ಕೆ ಮೆತ್ತಿಬಿಟ್ಟರು! "ಹೆಂಗಿತ್ತು ಸಾರ್?" ಎಂದು ಆಸೆಯಿಂದ ಕೇಳಿದೆ. ಅವರು ಮೂಗಿನೊಳಗಿನ ಕ್ರೀಮು ತೆಗೆಯುತ್ತ, "ಸೂಪರ್ ಗುರೂ, ವಿಡಿಯೋ ಸಕ್ಕತ್ತಾಗ್ ಬಂದದೆ" ಎಂದರು. ಹೋದಲ್ಲೆಲ್ಲ ಇದೇ ಕಥೆ.

ಮನೆಗೆ ಬಂದು ಗೋಳಾಡಿದರೆ ಹೆಂಡತಿ ಸುಮಾ, "ಅಷ್ಟ್ ಚೆನ್ನಾಗಿತ್ತಾ? ನೀವ್ ತಿಂದ್ ನೋಡಿದೀರಾ?" ಎಂದಳು. ಎಂಥ ಪ್ರಶ್ನೆ! ಅನ್ನವಾದರೆ ಒಂದಗುಳು ಹಿಸುಕಿ ನೋಡಬಹುದು, ಗಿರಾಕಿಯ ಕೇಕನ್ನು ಕೊಯ್ದು ನೋಡಲಾದೀತೇ? ಅಲ್ಲದೆ, ನೈವೇದ್ಯಕ್ಕೆ ಮಾಡಿದ್ದನ್ನು ಮೊದಲೇ ನಾಲಿಗೆಗೆ ಸೋಕಿಸಬಾರದೆಂದು ಅಮ್ಮನ ಕೈಯಲ್ಲಿ ಏಟು ತಿಂದು ಬೆಳೆದವನು ನಾನು. ಗಿರಾಕಿಯೇ ದೇವರು ಎಂದು ಕೋರ್ಸಿನಲ್ಲೂ ಹೇಳಿಕೊಟ್ಟಿದ್ದರು.

ಕೊನೆಗೆ ನನ್ನ ಹುಟ್ಟುಹಬ್ಬದ ದಿನ ಹಟ ಹಿಡಿದೆ: ಯಾರೂ ಮೆತ್ತಬಾರದು, ಎಲ್ಲರೂ ಕೂತು ತಿನ್ನಬೇಕು. ಗುಬ್ಬಿಯಿಂದ ಭಾವನೂ ಬಂದಿದ್ದರು. ದೊಡ್ಡ ದೊಡ್ಡ ತುಂಡು ಕೊಟ್ಟು ಎಲ್ಲರ ಬಾಯಿ ನೋಡುತ್ತ ನಿಂತೆ. ಭಾವ ನೀರು ಕೇಳಿದರು. ಸುಮಾ ಗೋಡೆಯ ಕ್ಯಾಲೆಂಡರು ಓದತೊಡಗಿದಳು. ಅಮ್ಮ ಮಾತ್ರ ಕಷ್ಟಪಟ್ಟು ನುಂಗಿ, "ಲೋ, ಸೋಡಾ ಎಷ್ಟ್ ಸುರಿದಿದೀಯೋ? ಸೋಪ್ ತಿಂದಂಗಾಯ್ತದೆ" ಎಂದಳು.

ನಾನೂ ಒಂದು ಚೂರು ಬಾಯಿಗಿಟ್ಟೆ. ತಾಯಿ ಕರುಳು, ಕಡಿಮೆಯೇ ಹೇಳಿದ್ದಳು. ಭೂಮಿ ಬಾಯಿಬಿಟ್ಟರೆ ಸಾಕೆನಿಸಿತು. ಅಷ್ಟರಲ್ಲಿ ಭಾವ, "ಬುಡಪ್ಪ, ಹುಟ್ದಬ್ಬ ಅಲ್ವಾ" ಎನ್ನುತ್ತ ಉಳಿದ ಕೇಕನ್ನೆಲ್ಲ ನನ್ನ ಮುಖಕ್ಕೆ ಮೆತ್ತಿದರು. ಎಲ್ಲರೂ ನಕ್ಕರು. ವಿಡಿಯೋ ನಿಜಕ್ಕೂ ಸಕ್ಕತ್ತಾಗಿ ಬಂತು. ಕುಣಿಗಲ್‌ನ ಆ ಪುಣ್ಯಾತ್ಮರು ನನ್ನ ಕಸುಬನ್ನು ಹೇಗೆ ಕಾಪಾಡಿದ್ದರೆಂಬುದು ಆಗ ತಿಳಿಯಿತು.

ಈಗ ಪ್ರತಿ ಆರ್ಡರಿನ ಹಿಟ್ಟಿನಲ್ಲೇ ಒಂದು ಪುಟ್ಟ ಕೇಕು ಬೇರೆ ಬೇಯಿಸಿ ಅಮ್ಮನಿಗೆ ಕೊಡುತ್ತೇನೆ. 'ಚೆನ್ನಾಗಿದೆ' ಇನ್ನೂ ಬಂದಿಲ್ಲ, 'ತಿನ್ಬೋದು' ಎಂಬಲ್ಲಿಗೆ ಬಂದಿದ್ದಾಳೆ. 'ಚೆನ್ನಾಗಿದೆ' ಬರುವವರೆಗೂ ಆರ್ಡರ್ ಬಂದಾಗ ನಾನೇ ಮೊದಲು ಕೇಳಿಬಿಡುತ್ತೇನೆ, "ಸಾರ್, ತಿನ್ನೋಕಾ, ಮೆತ್ತೋಕಾ?" ಮೆತ್ತೋಕೆ ಎಂದರೆ ಅವತ್ತು ನನಗೆ ಊಟ ಸೇರುತ್ತದೆ.