ಆಸ್ಟ್ರೇಲಿಯಾದವರಿಗೆ ನಾನು ಕಲಿಸಿದ ತಮಿಳು

ನನಗೆ ತಮಿಳು ಬರುತ್ತದೆ ಎಂಬ ವಿಷಯದಲ್ಲಿ ಮೊನ್ನೆ ಮೊನ್ನೆಯವರೆಗೂ ನನಗೆ ಯಾವ ಅನುಮಾನವೂ ಇರಲಿಲ್ಲ. ಅನುಮಾನ ಪಡಲು ಅಜ್ಜಂಪುರದಲ್ಲಿ ಕಾರಣವೂ ಇರಲಿಲ್ಲ. ನಮ್ಮ ಬೀದಿಯಲ್ಲಿ ಬೇರೆ ಯಾರಿಗೂ ತಮಿಳು ಬಾರದು. ಆದ್ದರಿಂದ ನಾನು ಆಡಿದ್ದೇ ತಮಿಳು.

ಕಲಿತದ್ದು ಭದ್ರಾವತಿಯಲ್ಲಿ. ಅಪ್ಪನಿಗೆ ಅಲ್ಲಿ ಕಾರ್ಖಾನೆಯ ಕೆಲಸ. ನಮ್ಮ ವಠಾರದ ಬೀದಿ ನಲ್ಲಿಯ ಮುಂದೆ ತಮಿಳು ಹೆಂಗಸರದೇ ಬಹುಮತ. ನೀರು ಬಂದ ಕೂಡಲೇ ‘ತಣ್ಣಿ ವಂದಾಚ್ಚು’ ಎಂದು ಒಬ್ಬರು ಕೂಗುವರು, ಎಲ್ಲರೂ ಕೊಡ ಹಿಡಿದು ಓಡುವುದು. ತಣ್ಣಿ ಎಂದರೆ ನೀರು. ಕೊಡ ತಳ್ಳು, ಪಕ್ಕಕ್ಕೆ ಸರಿ, ಈಗ ನನ್ನ ಸರದಿ, ಇಷ್ಟನ್ನೂ ತಮಿಳಿನಲ್ಲಿ ಜಗಳವಾಡುವಷ್ಟು ನಾನು ಲಂಗ ಉಡುವ ವಯಸ್ಸಿಗೇ ಪಳಗಿದ್ದೆ. ಪಕ್ಕದ ಮನೆಯ ಸೆಲ್ವಿ ಅಕ್ಕನ ರೇಡಿಯೋದಲ್ಲಿ ತಮಿಳು ಸಿನಿಮಾ ಹಾಡು ಬಂದರೆ ಅವಳ ಜೊತೆ ನಾನೂ ಹಾಡುತ್ತಿದ್ದೆ. ಹಾಡು ಬಾಯಿಗೆ ಬಂದ ಮೇಲೆ ಅರ್ಥವೂ ಹಿಂದೆಯೇ ತಲೆಗೆ ಬಂದಿರಬೇಕು ಎಂದು ನಂಬಿದ್ದೆ. ಬಂದಿತ್ತೋ ಇಲ್ಲವೋ ಎಂದು ಯಾವತ್ತೂ ಪರೀಕ್ಷಿಸಿ ನೋಡಿರಲಿಲ್ಲ.

ಮದುವೆಯಾಗಿ ಅಜ್ಜಂಪುರಕ್ಕೆ ಬಂದೆ. ಯಜಮಾನರದು ಬೀಜ, ಗೊಬ್ಬರದ ಅಂಗಡಿ. ನಾನು ಕಡೂರಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರಾಗಿ ನಿವೃತ್ತಳಾದೆ. ನಿವೃತ್ತಿಯಾದ ಮೇಲೆ ಮೊಬೈಲಿನಲ್ಲಿ ದೂರದೇಶದ ರೇಡಿಯೋ ಕೇಳುವ ಚಟ ಹತ್ತಿತು. ಹಾಗೆ ಕೈಗೆ ಸಿಕ್ಕಿದ್ದು ಆಸ್ಟ್ರೇಲಿಯಾದ ಒಂದು ಕುರಿ ಸಾಕುವ ಊರಿನ ಪುಟ್ಟ ರೇಡಿಯೋ. ಊರಿನವರೇ ಸೇರಿ ನಡೆಸುವಂಥದ್ದು. ಒಂದು ದಿನ ಅದರಲ್ಲಿ ಭಾರತದ ಸಂಗೀತ ಎಂದು ಯಾವುದೋ ಕೊಳಲು ಹಾಕಿ, ಭಾರತೀಯರು ದಿನವಿಡೀ ಇದನ್ನು ಕೇಳುತ್ತ ಕಣ್ಣು ಮುಚ್ಚಿ ಧ್ಯಾನ ಮಾಡುತ್ತಾರೆ ಎಂದರು. ನನಗೆ ಮೈಯೆಲ್ಲ ಉರಿಯಿತು. ಕಡೂರಿನ ಬಸ್ಸಿನಲ್ಲಿ ಅಷ್ಟು ವರ್ಷ ಓಡಾಡಿದವಳು ನಾನು. ಕಣ್ಣು ಮುಚ್ಚಿದ್ದರೆ ನನ್ನ ಸೀಟು ಇನ್ನೊಬ್ಬರ ಪಾಲಾಗುತ್ತಿತ್ತು.

ಕೂಡಲೇ ಅವರಿಗೆ ಖಾರವಾಗಿ ಬರೆದೆ. ನಾವು ಕೇಳುವುದು ಸಿನಿಮಾ ಹಾಡು, ಅದರಲ್ಲಿ ತಮಟೆ, ತುತ್ತೂರಿ, ಪಿಟೀಲು ಎಲ್ಲವೂ ಒಟ್ಟಿಗೇ ಬಡಿದಾಡುತ್ತವೆ, ಗೊತ್ತಿಲ್ಲದಿದ್ದರೆ ಸುಮ್ಮನಿರಿ ಎಂದು. ರೇಡಿಯೋ ನೋಡಿಕೊಳ್ಳುವ ಜೋನ್ ಎಂಬಾಕೆಯಿಂದ ಉತ್ತರ ಬಂತು. ಹಾಗಾದರೆ ನೀವೇ ಹಾಕಿ ತೋರಿಸಿ, ಶನಿವಾರ ಸಂಜೆಯ ಅರ್ಧ ಗಂಟೆ ನಿಮಗೆ ಬಿಟ್ಟಿದ್ದೇವೆ ಎಂದಿದ್ದಳು. ಅವರ ಸಂಜೆ ಎಂದರೆ ನಮ್ಮ ಮಧ್ಯಾಹ್ನ. ಒಪ್ಪಿಕೊಂಡೆ. ತಮಿಳು ಹಾಡು ಹಾಕುತ್ತೇನೆ, ಒಂದೊಂದಕ್ಕೂ ಅರ್ಥ ವಿವರಿಸುತ್ತೇನೆ ಎಂದು ಬರೆದೆ. ನನ್ನನ್ನು ಯಾರೂ ಬಲವಂತ ಮಾಡಿರಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು.

ತಮಿಳೇ ಏಕೆ ಎಂದು ತರೀಕೆರೆಯಿಂದ ಮೈದುನ ರುದ್ರೇಶ ಬಂದು ಕೇಳಿದ. ಅವನು ಅಲ್ಲಿ ಒಂದು ಕನ್ನಡ ಬಳಗ ಕಟ್ಟಿಕೊಂಡು, ಅದರ ಅಧ್ಯಕ್ಷ, ಖಜಾಂಚಿ, ನಿರೂಪಕ ಮೂರೂ ಆಗಿದ್ದಾನೆ.

“ಅತ್ತಿಗೆ, ಕನ್ನಡದೋರಾಗಿ ತಮಿಳು ಹಾಡು ಹಾಕೋದಾ? ಬಳಗದೋರಿಗೆ ನಾನು ಏನಂತ ಮುಖ ತೋರಿಸ್ಲಿ?”

“ಕನ್ನಡ ಹಾಡು ನೀನು ಹಾಕಪ್ಪ. ಜೋನ್‌ಗೆ ಇವತ್ತೇ ಬರೀತೀನಿ. ಇಂಗ್ಲಿಷಲ್ಲಿ ಮಾತಾಡ್ಬೇಕು, ಅಷ್ಟೇ.”

ಅವನು ಚಹಾ ಕುಡಿದು ಹೊರಟ. ಒಳಗಿನ ಕಾರಣ ನಾನು ಅವನಿಗೆ ಹೇಳಲಿಲ್ಲ. ಕನ್ನಡ ಹಾಡಿಗೆ ಅರ್ಥ ಹೇಳಿದರೆ ಊರಿನವರೆಲ್ಲ ತಪ್ಪು ಹುಡುಕುತ್ತಾರೆ. ತಮಿಳಿಗೆ ಆ ಭಯವಿರಲಿಲ್ಲ.

ಸ್ಟುಡಿಯೋಗೆ ಸ್ಥಳ ಬೇಕಾಯಿತು. ಮನೆಯಲ್ಲಿ ಮಾತಾಡಿದರೆ ಗುಂಯ್ ಎನ್ನುತ್ತಿತ್ತು. ಅಂಗಡಿಯ ಹಿಂದಿನ ಗೋಡೌನಿನಲ್ಲಿ, ಗೊಬ್ಬರದ ಮೂಟೆಗಳ ನಡುವೆ, ದನಿ ಬೆಣ್ಣೆಯಂತೆ ಕೇಳುತ್ತಿತ್ತು. ಕಡೂರಿನಲ್ಲಿ ಮದುವೆ ಮನೆಗಳಿಗೆ ಸೌಂಡ್ ಸಿಸ್ಟಮ್ ಕೊಡುವವರಿಂದ ಒಂದು ಮೈಕ್ ತಂದೆ. ಯಜಮಾನರು ಬಾಗಿಲಲ್ಲಿ ನಿಂತು ನೋಡಿದರು.

“ಒಳಗೆ ನೀನು ಆಸ್ಟ್ರೇಲಿಯಾದೋರ ಜೊತೆ ಮಾತಾಡ್ತಿರ್ತೀಯ. ಯಾರಾದ್ರೂ ಯೂರಿಯಾ ಕೇಳ್ಕಂಡು ಬಂದ್ರೆ ನಾನೇನು ಮಾಡ್ಲಿ?”

“ಕಾರ್ಯಕ್ರಮ ಮುಗಿಯೋ ತನಕ ಕಾಯಕ್ಕೆ ಹೇಳಿ.”

ಶನಿವಾರದ ಆ ಅರ್ಧ ಗಂಟೆ ಅಂಗಡಿಯ ವ್ಯಾಪಾರ ನಿಂತಿತು. ಈರುಳ್ಳಿ ಬೆಳೆಗಾರರು ಹೊರಗೆ ಬೆಂಚಿನ ಮೇಲೆ ಕೂತು, ಒಳಗೆ ಮೇಡಂ ಇಂಗ್ಲಿಷಿನಲ್ಲಿ ಯಾರನ್ನೋ ಬೈಯುತ್ತಿದ್ದಾರೆ ಎಂದು ಮಾತಾಡಿಕೊಂಡರಂತೆ. ಹಾಡುಗಳನ್ನು ಜೋನ್‌ಗೆ ಮೊದಲೇ ತಿಳಿಸಿರುತ್ತಿದ್ದೆ, ಅವಳು ಅಲ್ಲಿಂದ ಹಾಕುವಳು, ನಾನು ಇಲ್ಲಿಂದ ನೇರವಾಗಿ ವಿವರಿಸುವುದು. ಮೊದಲ ವಾರಗಳಲ್ಲೇ ರೇಡಿಯೋ ಸಮಿತಿಯವರು ಇನ್ನೂ ಶಾಂತವಾದ ಸಂಗೀತ ಇದ್ದರೆ ಚೆನ್ನ ಎಂದು ಹೇಳಿ ಕಳಿಸಿದರು. ಅದಕ್ಕೆ ಉತ್ತರವಾಗಿ ಮುಂದಿನ ವಾರ ಇದ್ದುದರಲ್ಲೇ ಅತ್ಯಂತ ಗದ್ದಲದ ಹಾಡು ಹಾಕಿಸಿದೆ. ಸಮಿತಿ ಸುಮ್ಮನಾಯಿತು.

ಆಗ ಬಂತು ನನ್ನ ಗ್ರಹಚಾರದ ಹಾಡು. ಸೆಲ್ವಿ ಅಕ್ಕನ ರೇಡಿಯೋದಲ್ಲಿ ಕೇಳಿದ ಹಳೆಯ ಹಾಡು, ಸಿನಿಮಾ ನಾನು ನೋಡಿರಲಿಲ್ಲ. ನಿಧಾನದ ರಾಗ. ಗಾಯಕ ‘ತಣ್ಣಿ’ ಎಂದು ಮತ್ತೆ ಮತ್ತೆ ಕರೆಯುತ್ತಾನೆ. ನಡುನಡುವೆ ಬಿಕ್ಕುತ್ತಾನೆ. ಒಂದು ಕಡೆ ಟಿಣ್ ಎಂದು ಗಾಜಿನ ಸದ್ದು. ನಲ್ಲಿಯ ತಮಿಳು ಬಲ್ಲವಳಿಗೆ ಇದರಲ್ಲಿ ಕಷ್ಟವೇನು? ಇದು ಮಳೆ ಕಾಣದ ರೈತನೊಬ್ಬ ಆಕಾಶ ನೋಡಿ ನೀರಿಗಾಗಿ ಮೊರೆಯಿಡುವ ಹಾಡು ಎಂದು ವಿವರಿಸಿದೆ. ಆ ಬಿಕ್ಕಳಿಕೆ ಗಂಟಲು ಒಣಗಿ ಬಂದದ್ದು. ತಡವರಿಸುವ ತಾಳ ಬರಿಗಾಲಿನಲ್ಲಿ ಸುಡುವ ನೆಲ ತುಳಿಯುವವನ ಹೆಜ್ಜೆ. ಟಿಣ್ ಎಂಬುದು ಮೊದಲ ಮಳೆಹನಿ. ಹೇಳುತ್ತ ಹೇಳುತ್ತ ನನಗೇ ಕಣ್ಣು ತುಂಬಿತು.

ಆ ಊರಿನಲ್ಲಿ ಮಳೆಯಾಗಿ ಬಹಳ ಕಾಲವಾಗಿತ್ತಂತೆ, ಅದು ನನಗೆ ತಿಳಿದಿರಲಿಲ್ಲ. ಹಾಡು ಮುಗಿಯುತ್ತಿದ್ದಂತೆ ಅಲ್ಲಿಯವರು ರೇಡಿಯೋಗೆ ಫೋನ್ ಮಾಡಿ ಮತ್ತೆ ಹಾಕಿ ಎಂದರು. ಮುಂದಿನ ವಾರವೂ ಅದೇ. ಜೋನ್ ತಾನು ಹಾಡುವ ಚರ್ಚಿನ ಗಾಯನ ತಂಡಕ್ಕೆ ಅದನ್ನು ಕಲಿಸಲು ಹೊರಟಳು. ಉಚ್ಚಾರಣೆ ನನ್ನಿಂದ ಹೇಳಿಸಿಕೊಂಡಳು. ಬಿಕ್ಕಳಿಕೆ ಎಲ್ಲಿ ಬರಬೇಕು, ಒಟ್ಟಿಗೆ ಬಿಕ್ಕಬೇಕೋ ಒಬ್ಬೊಬ್ಬರಾಗಿಯೋ ಎಂದು ಕೇಳಿದಳು. ಒಟ್ಟಿಗೆ ಬಿಕ್ಕಿದರೆ ಭಾವ ಹೆಚ್ಚುತ್ತದೆ ಎಂದೆ.

ಒಂದು ಭಾನುವಾರ ಚರ್ಚಿನಲ್ಲಿ ಅದನ್ನು ಹಾಡಿದರು. ಆ ವಾರವೇ ಅಲ್ಲಿ ಮಳೆ ಹೊಯ್ಯಿತು.

ಜೋನ್ ಕಳಿಸಿದ ಫೋಟೋ ಇನ್ನೂ ನನ್ನ ಬಳಿ ಇದೆ, ಕುರಿಗಳೆಲ್ಲ ಒದ್ದೆಯಾಗಿ ನಿಂತಿವೆ. ಅದನ್ನು ಯಜಮಾನರಿಗೆ ತೋರಿಸಿದೆ. ಅವರು ಬೆಂಚಿನ ಮೇಲಿದ್ದವರಿಗೆ ತೋರಿಸಿದರು. ಬೆಂಚಿನಿಂದ ಸುದ್ದಿ ಬಸ್ಸು ಹತ್ತಿ ತರೀಕೆರೆ ಮುಟ್ಟಿತು. ರುದ್ರೇಶ ಓಡಿ ಬಂದ. ಈಗ ಅವನ ಪ್ರಕಾರ ತಮಿಳು ನಮ್ಮ ಸೋದರ ಭಾಷೆ. ಬಳಗದ ವತಿಯಿಂದ ಸನ್ಮಾನ ಮಾಡುತ್ತೇವೆ, ‘ಸಾಗರದಾಚೆ ಮಳೆ ಸುರಿಸಿದ ಕನ್ನಡತಿ’ ಎಂದು ಬ್ಯಾನರ್ ಬರೆಸಿದ್ದೇನೆ, ಬೇಡ ಎನ್ನಬೇಡಿ ಎಂದ. ನಾನು ಬೇಡ ಎನ್ನಲಿಲ್ಲ. ಎನ್ನುವ ಯೋಚನೆಯೂ ಬರಲಿಲ್ಲ.

ತರೀಕೆರೆಯ ಸಭಾಂಗಣ ತುಂಬಿತ್ತು. ವೇದಿಕೆಯ ಮೇಲೆ ದೊಡ್ಡ ಪರದೆ. ಅದರಲ್ಲಿ ಜೋನ್ ಮತ್ತು ಅವಳ ತಂಡ ಆಸ್ಟ್ರೇಲಿಯಾದಿಂದ ನೇರವಾಗಿ ಹಾಡುವ ಏರ್ಪಾಡು. ಮುಖ್ಯ ಅತಿಥಿಯಾಗಿ ರುದ್ರೇಶ ಬ್ಯಾಂಕಿನ ಮ್ಯಾನೇಜರನ್ನು ಕರೆದಿದ್ದ. ಹೊಸದಾಗಿ ವರ್ಗವಾಗಿ ಬಂದವರು, ಮಿತಭಾಷಿ, ನೆಟ್ಟಗೆ ಕೂತಿದ್ದರು. ನನಗೆ ಶಾಲು ಹೊದಿಸಿದರು, ಹಾರ ಹಾಕಿದರು. ರುದ್ರೇಶ ನನ್ನ ತಮಿಳು ಪಾಂಡಿತ್ಯದ ಬಗ್ಗೆ ಬಹಳ ಹೊತ್ತು ಮಾತಾಡಿದ. ನಾನು ತಲೆ ತಗ್ಗಿಸಿ, ಎಲ್ಲವನ್ನೂ ಒಪ್ಪಿಕೊಂಡು ಕೂತಿದ್ದೆ.

ಪರದೆ ಬೆಳಗಿತು. ಬಿಳಿ ಅಂಗಿ ತೊಟ್ಟ ವಯಸ್ಸಾದ ಗಂಡಸರು, ಹೆಂಗಸರು ಸಾಲಾಗಿ ನಿಂತಿದ್ದರು. ಕೈ ಕಟ್ಟಿಕೊಂಡು, ಮೇಲೆ ನೋಡುತ್ತ, ‘ತಣ್ಣಿ’ ಎಂದು ಶುರು ಮಾಡಿದರು. ಮೊದಲ ಬಿಕ್ಕಳಿಕೆ ಬಂತು. ಎಲ್ಲರೂ ಒಟ್ಟಿಗೆ ಬಿಕ್ಕಿದರು, ನಾನು ಹೇಳಿಕೊಟ್ಟಂತೆಯೇ.

ನನ್ನ ಪಕ್ಕದಲ್ಲಿ ಮ್ಯಾನೇಜರರ ಭುಜ ಅಲುಗಲು ಶುರುವಾಯಿತು. ಕರವಸ್ತ್ರವನ್ನು ಮುಖಕ್ಕೆ ಒತ್ತಿಕೊಂಡರು. ಪಾಪ, ಎಷ್ಟು ಮೃದು ಮನಸ್ಸು ಎಂದುಕೊಂಡೆ. ಎರಡನೆಯ ಬಿಕ್ಕಳಿಕೆಗೆ ಅವರು ಕುರ್ಚಿಯಲ್ಲೇ ಬಗ್ಗಿಬಿಟ್ಟರು. ಒಬ್ಬ ಹಿರಿಯ ಚಮಚದಿಂದ ಲೋಟಕ್ಕೆ ಟಿಣ್ ಎಂದು ತಟ್ಟಿದಾಗ ಅವರಿಂದ ಬಂದ ಸದ್ದು ಅಳುವಿನದಲ್ಲ ಎಂಬುದು ಹಿಂದಿನ ಸಾಲಿನವರಿಗೂ ತಿಳಿಯಿತು.

ಹಾಡು ಮುಗಿದ ಮೇಲೆ ಮ್ಯಾನೇಜರು ನನ್ನ ಕಡೆ ಬಾಗಿದರು. ಎದುರಿಗೆ ಮೈಕ್ ಇರುವುದನ್ನು ಇಬ್ಬರೂ ಮರೆತೆವು.

“ಮೇಡಂ, ಇದು ಕುಡುಕನ ಹಾಡು. ಹೀರೋ ದೀಪದ ಕಂಬ ಹಿಡ್ಕೊಂಡು ಹಾಡ್ತಾನೆ. ತಣ್ಣಿ ಅಂದ್ರೆ ನೀರು ನಿಜ. ಆದ್ರೆ ಕುಡಿಯೋರು ಕೇಳೋ ತಣ್ಣಿ ಬೇರೆ.”

ಇಂಥ ಸಂದರ್ಭದಲ್ಲಿ ಮಾನವಂತರು ಏನು ಮಾಡುತ್ತಾರೋ ನನಗೆ ತಿಳಿಯದು. ನಾನು ಸೆಟೆದು ಕೂತೆ.

“ನಿಮಗೆ ತಮಿಳು ಎಷ್ಟು ಗೊತ್ತು ಸಾರ್?”

“ನಮ್ಮೂರು ಮಧುರೈ ಪಕ್ಕ ಮೇಡಂ. ಮನೇಲಿ ಅದೇ ಮಾತಾಡೋದು.”

ನಾನು ಅಷ್ಟಕ್ಕೇ ಬಿಡದೆ, ಭದ್ರಾವತಿಯ ತಮಿಳಿನಲ್ಲಿ ಬೇರೆ ಅರ್ಥವಿರಬಹುದು ಎಂದೆ. ಭದ್ರಾವತಿಯಲ್ಲೂ ಕುಡಿಯುವವರು ಇದ್ದಾರಲ್ಲ ಮೇಡಂ ಎಂದರು ಅವರು ವಿನಯದಿಂದ. ಹಿಂದಿನ ಸಾಲಿನಿಂದ ನಗು ಎದ್ದು ಮುಂದಕ್ಕೆ ಬಂತು. ಯಜಮಾನರು ಮಾತ್ರ ನಗಲಿಲ್ಲ, ಆದರೆ ಅವರು ಎದ್ದು ಹೊರಗೆ ಹೋದದ್ದು ನಗುವುದಕ್ಕೇ ಎಂದು ಆಮೇಲೆ ಗೊತ್ತಾಯಿತು. ರುದ್ರೇಶ ನಿರೂಪಣೆ ಮರೆತು ನಿಂತುಬಿಟ್ಟ.

ಅಷ್ಟರಲ್ಲಿ ಪರದೆಯ ಮೇಲಿಂದ ಜೋನ್, ಎಲ್ಲರೂ ಏಕೆ ನಗುತ್ತಿದ್ದಾರೆ, ನಾವು ತಪ್ಪಾಗಿ ಹಾಡಿದೆವೇ ಎಂದು ಕೇಳಿದಳು. ಅವಳ ಹಿಂದೆ ಬಿಳಿ ಅಂಗಿಯವರೆಲ್ಲ ಆತಂಕದಿಂದ ನನ್ನನ್ನೇ ನೋಡುತ್ತಿದ್ದರು. ಸಂತೋಷಕ್ಕೆ ನಗುತ್ತಿದ್ದಾರೆ ಎಂದು ಹೇಳಿಬಿಡಬಹುದಿತ್ತು. ಆ ಸಭೆಯಲ್ಲಿ ನನ್ನ ಇಂಗ್ಲಿಷನ್ನು ತಿದ್ದುವವರೂ ಇರಲಿಲ್ಲ. ಆದರೆ ಮುಂದಿನ ಭಾನುವಾರವೂ ಆ ಹಿರಿಯರು ದೇವರ ಎದುರು ನಿಂತು ಇನ್ನೊಂದು ಗ್ಲಾಸ್ ಕೇಳುತ್ತಾರಲ್ಲ ಎಂದು ನೆನೆಸಿಕೊಂಡೆ. ನನ್ನ ಮಾತು ನಂಬಿ ಬಿಕ್ಕಿದವರು ಅವರು. ನಿಜ ಹೇಳಿದೆ. ಬಿಕ್ಕಳಿಕೆಯ ಅರ್ಥವನ್ನೂ ಹೇಳಿದೆ.

ಆಮೇಲೆ ಚಮಚ ಹಿಡಿದಿದ್ದ ಹಿರಿಯ ಮುಂದೆ ಬಂದ. ಈ ಊರಿನಲ್ಲಿ ಎಷ್ಟೋ ಗಂಭೀರ ಪ್ರಾರ್ಥನೆಗಳನ್ನು ಹಾಡಿ ನೋಡಿದ್ದೇವೆ, ಮಳೆ ಬಂದದ್ದು ಇದಕ್ಕೆ, ನಾವಂತೂ ಇದನ್ನು ಬಿಡುವುದಿಲ್ಲ ಎಂದ. ಉಳಿದವರು ಚಪ್ಪಾಳೆ ತಟ್ಟಿದರು. ನನಗೆ ಎಲ್ಲಿಲ್ಲದ ಧೈರ್ಯ ಬಂತು.

ಆ ಹೊತ್ತಿಗೆ ರುದ್ರೇಶ ಮೆಲ್ಲಗೆ ನನ್ನ ಹಿಂದೆ ಬಂದು ಶಾಲಿನ ಅಂಚು ಹಿಡಿದಿದ್ದ.

“ಅತ್ತಿಗೆ, ಬಳಗದೋರು ಬೇಜಾರು ಮಾಡ್ಕಂಡವ್ರೆ. ಇದನ್ನ ಇನ್ನೊಂದು ದಿನ...”

“ಬಿಡೋ ಕೈನ. ನೀನು ಹೊದಿಸಿದ್ದು ಮಳೆ ತರ್ಸಿದ್ದಕ್ಕೆ, ತಮಿಳಿಗಲ್ಲ. ಮಳೆ ಬಂದೈತೆ.”

ಶಾಲು ಹೊದ್ದುಕೊಂಡೇ ಅಜ್ಜಂಪುರದ ಬಸ್ಸು ಹತ್ತಿದೆ. ಸೆಕೆಯಿತ್ತು. ಆದರೂ ತೆಗೆಯಲಿಲ್ಲ. ಪಕ್ಕದಲ್ಲಿ ಯಜಮಾನರು ಕಿಟಕಿಯಾಚೆ ನೋಡುತ್ತ ದಾರಿಯುದ್ದಕ್ಕೂ ಅಲುಗುತ್ತಿದ್ದರು. ಬಸ್ಸಿನ ಕುಲುಕಾಟ ಎಂದರು.

ಕಾರ್ಯಕ್ರಮ ನಿಲ್ಲಿಸು ಎಂದು ಹತ್ತಿರದವರೆಲ್ಲ ಹೇಳಿದರು. ನಾನು ನಿಲ್ಲಿಸಲಿಲ್ಲ. ತಪ್ಪು ಮಾಡಿದವಳು ನಾನು, ಹಾಡೇನು ಮಾಡಿತ್ತು? ಬ್ಯಾಂಕಿಗೆ ಹೋಗಿ ಮ್ಯಾನೇಜರರ ಕ್ಷಮೆ ಕೇಳಿ, ಪ್ರತಿ ವಾರ ಹಾಡಿನ ಅರ್ಥವನ್ನು ಅವರಿಂದಲೇ ಹೇಳಿಸಿಕೊಳ್ಳತೊಡಗಿದೆ. ಸಾಲು ಸಾಲಾಗಿ, ಸಂದರ್ಭಸಹಿತ ವಿವರಿಸಿದರು. ಅದನ್ನು ಒಂದಕ್ಷರ ತಪ್ಪದೆ ಆಸ್ಟ್ರೇಲಿಯಾಕ್ಕೆ ತಲುಪಿಸಿದೆ. ನನ್ನ ಬದುಕಿನಲ್ಲೇ ಅಷ್ಟು ಸರಿಯಾದ ತಮಿಳು ನಾನು ಹೇಳಿರಲಿಲ್ಲ.

ಅಲ್ಲಿಯ ರೇಡಿಯೋಗೆ ಒಂದು ಫೋನೂ ಬರಲಿಲ್ಲ. ಕೆಲವು ವಾರ ಕಾದು, ಜೋನ್ ಬಹಳ ಸಂಕೋಚದಿಂದ ಬರೆದಳು. ಹಾಡುಗಳು ಚೆನ್ನಾಗಿವೆ, ಆದರೆ ಕೇಳುವವರು ಮೊದಲಿನ ಥರದ ಅರ್ಥಗಳೇ ಬೇಕು ಎನ್ನುತ್ತಿದ್ದಾರೆ ಎಂದು. ಆ ಶನಿವಾರ ಗೋಡೌನಿನಲ್ಲಿ ಕೂತು ತಪ್ಪು ಅರ್ಥ ಹುಡುಕಲು ಪ್ರಯತ್ನಪಟ್ಟೆ. ಬರಲಿಲ್ಲ. ಸರಿಯಾದದ್ದು ತಿಳಿದುಹೋಗಿತ್ತು. ಗೊತ್ತಿಲ್ಲದೆ ತಪ್ಪಿದಷ್ಟು ಸಲೀಸಾಗಿ ಗೊತ್ತಿದ್ದು ತಪ್ಪಲು ನನ್ನಿಂದ ಆಗಲಿಲ್ಲ. ಆಗ ಬಾಗಿಲಲ್ಲಿ ನಿಂತಿದ್ದ ಯಜಮಾನರು ಒಳಗೆ ಬಂದು ಮೂಟೆಯ ಮೇಲೆ ಕೂತರು.

“ನಂಗೆ ಒಂದಕ್ಷರ ತಮಿಳು ಬರಲ್ಲ ಕಣೇ. ನಾನು ಹೇಳ್ಲಾ?”

ಹುಡುಗಿಯ ಕಿಟಕಿಯ ಕೆಳಗೆ ನಾಯಕ ಹಾಡುವ ಹಾಡನ್ನು ಕೇಳಿ, ಇವನ ಎಮ್ಮೆ ಕಳೆದುಹೋಗಿದೆ, ಪಕ್ಕದೂರಿನವರ ಮೇಲೆ ಅನುಮಾನ ಎಂದರು. ಇದು ನಮ್ಮವರ ಊಹೆ ಮಾತ್ರ ಎಂದು ಮೊದಲೇ ತಿಳಿಸಿ, ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿದೆ. ಆ ಸಂಜೆ ಅಲ್ಲಿಯ ರೇಡಿಯೋದ ಫೋನ್ ಬಿಡುವಿಲ್ಲದೆ ಹೊಡೆದುಕೊಂಡಿತಂತೆ.

ಈಗ ಕಾರ್ಯಕ್ರಮ ಯಜಮಾನರದು. ಅವರು ಹೇಳಿದ್ದನ್ನು ನಾನು ಅನುವಾದಿಸುತ್ತೇನೆ. ಕೊನೆಯಲ್ಲಿ ಹಾಡಿನ ನಿಜವಾದ ಅರ್ಥವನ್ನೂ ಹೇಳಿಯೇ ಹೇಳುತ್ತೇನೆ, ಆ ಹಟ ಮಾತ್ರ ಬಿಟ್ಟಿಲ್ಲ. ಅಷ್ಟು ಹೊತ್ತಿಗೆ ಅಲ್ಲಿಯವರೆಲ್ಲ ಚಹಾ ಕಾಸಲು ಎದ್ದು ಹೋಗಿರುತ್ತಾರೆ ಎಂದು ಜೋನ್ ತಿಳಿಸಿದ್ದಾಳೆ.