ಅರಕಲಗೂಡಿಗೆ ಹೋದ ಭಾಷಣ

ಹೊಳೆನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಪುಟ್ಟಸ್ವಾಮಿ ಟವಲ್ಲು ಬೀಸಿ ಎಸೆದನೆಂದರೆ, ಅದು ಗೊರೂರು ಅಣೆಕಟ್ಟನ್ನು ಮೇಲಿನಿಂದಲೇ ದಾಟಿ, ಹಾಸನದಿಂದ ಇನ್ನೂ ಹೊರಡದ ಬಸ್ಸಿನ ಕಿಟಕಿಯಲ್ಲಿ ನುಗ್ಗಿ, ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತು, ಟಿಕೆಟ್ಟು ಹರಿಸಿಕೊಂಡೇ ವಾಪಸು ಬರುತ್ತಿತ್ತು. ನಂಬದವರು ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಮಾರುವ ದೊಡ್ಡತಾಯಮ್ಮನನ್ನು ಕೇಳಬಹುದು.

ಇಂಥ ಪುಟ್ಟಸ್ವಾಮಿಯ ಕಣ್ಣಿಗೆ ಆ ಭಾನುವಾರ ಬೆಳಿಗ್ಗೆ ಮಾರ್ತಮ್ಮ ಬಿದ್ದಳು.

ಮಾರ್ತಮ್ಮ ಅಂದರೆ ನಾರ್ವೆ ದೇಶದ ಪಾದ್ರಿ ಎರಿಕ್‌ನ ಹೆಂಡತಿ. ಈ ಊರಿಗೆ ಬಂದು ಎಂಟು ವರ್ಷ. ಗಂಡ ಭಾಷಣ ಮಾಡುವಾಗ ಪಕ್ಕದ ಕುರ್ಚಿಯಲ್ಲಿ ಕೂತು ನಗುವುದು, ಆಕೆಗೆ ಕೊಟ್ಟಿದ್ದ ಕೆಲಸ ಅಷ್ಟೇ. ಕನ್ನಡ ಬರುತ್ತಿರಲಿಲ್ಲ ಅಂತಲ್ಲ. ಹಾಲು ಹಾಕುವ ಬೆಟ್ಟಮ್ಮನಿಂದ ಕಾಂಪೌಂಡಿನ ಗೋಡೆಗೆ ಮೊಣಕೈ ಊರಿ ಕಲಿತ ಆಕೆಯ ಕನ್ನಡ ಹಸಿಮೆಣಸಿನಕಾಯಿ ಥರ ಇತ್ತು. ಅದು ಬೀದಿ ಮಾತು, ಸಭೆಗೆ ಆಗುವುದಿಲ್ಲ ಅಂತ ಎರಿಕ್ ಮೊದಲೇ ಹೇಳಿಬಿಟ್ಟಿದ್ದ. ಅವನದು ಇಸ್ತ್ರಿ ಹಾಕಿದ ಪುಸ್ತಕದ ಕನ್ನಡ. ಅದೂ ಕಾಗದ ಕೈಯಲ್ಲಿದ್ದರೆ ಮಾತ್ರ.

ಆವತ್ತು ಚನ್ನರಾಯಪಟ್ಟಣದಲ್ಲಿ ಮಿಷನ್ನಿನ ಹೊಲಿಗೆ ಶಾಲೆಯ ಸರ್ಟಿಫಿಕೇಟ್ ಕೊಡುವ ಸಮಾರಂಭ. ಇನ್ನೂರು ಹೆಂಗಸರು ಕಾಯುತ್ತಿದ್ದರು. ಭಾಷಣ ಬಟ್ಟೆ ಚೀಲದಲ್ಲಿತ್ತು, ಚೀಲ ಮಾರ್ತಮ್ಮನ ಹೆಗಲಲ್ಲಿತ್ತು. ಎರಿಕ್‌ನ ಮರ್ಯಾದೆಯೂ ಅದೇ ಚೀಲದಲ್ಲಿತ್ತು.

ಸ್ಟ್ಯಾಂಡಿನಲ್ಲಿ ಅರ್ಧ ಜಿಲ್ಲೆಯೇ ನೆರೆದಿತ್ತು. ಹೆಂಗಸರಿಗೆ ಬಸ್ಸು ಫ್ರೀ ಆದಮೇಲೆ ಸೊಳ್ಳೆಗೂ ಸೀಟು ಸಿಗುತ್ತಿರಲಿಲ್ಲ. ಎರಡು ಬಸ್ಸು ಮಾರ್ತಮ್ಮ, ಎರಿಕ್ ಇಬ್ಬರ ಮೂಗಿನ ಮುಂದೆಯೇ ತುಂಬಿ ಹೋದವು.

"ಮೇಡಮ್ಮೋರೆ, ಇಂಗೆ ದೀಪದ ಕಂಬದಂಗೆ ನಿಂತ್ರೆ ಆಗಾಕಿಲ್ಲ," ಅಂದ ಪುಟ್ಟಸ್ವಾಮಿ. "ಕಿಟಕೀಲಿ ಏನಾರ ಎಸೀಬೇಕು. ಅದು ಎಲ್ಲಿ ಬಿತ್ತೋ ಅದು ನಿಮ್ ಸೀಟು. ಇಲ್ಲಿ ಅದೇ ಕಾನೂನು."

"ಚನ್ನರಾಯಪಟ್ಣದ್ದು ಯಾವ್ದಪ್ಪ?"

"ಅಗಾ, ಅದೇಯ. ಬಿರ್ರನೆ ಎಸೀರಿ."

ಮಾರ್ತಮ್ಮನ ಹತ್ತಿರ ಟವಲ್ಲೆಲ್ಲಿಂದ ಬರಬೇಕು. ಚೀಲವನ್ನೇ ಬೀಸಿ ಎಸೆದಳು. ಚೀಲ ಸೀಟಿನ ಮೇಲೆ ಹೊಸ ಸೊಸೆಯ ಹಾಗೆ ಕೂತಿತು. ಆಕೆ ಬಾಗಿಲ ಕಡೆ ಓಡುವಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿದ. ಬಸ್ಸಿನ ಹಿಂದಿನ ಬೋರ್ಡು ದೂರದಿಂದಲೇ ಓದಿಸಿಕೊಂಡಿತು: ಅರಕಲಗೂಡು.

ಎರಿಕ್ ಬಸ್ಸಿನ ಹಿಂದೆ ಐವತ್ತು ಮೈಲಿ ಓಡಿದ. ಹೋಗಲಿ, ಐವತ್ತು ಮಾರು. ತಿರುಗಿ ಬಂದಾಗ ಮುಖ ಸುಣ್ಣ.

ಅಷ್ಟರಲ್ಲಿ ಸರಿಯಾದ ಬಸ್ಸು ಬಂತು. ಈ ಸಲ ಬೋರ್ಡು ಮೂರು ಸಲ ಓದಿ, ಮಾರ್ತಮ್ಮ ತನ್ನ ಕೊಡೆ ಎಸೆದಳು. ಹತ್ತಿ ನೋಡಿದರೆ ಕೊಡೆ ಕಾಲ ಕೆಳಗೆ, ಸೀಟಿನ ತುಂಬ ಸುಬ್ಬಮ್ಮ ಅನ್ನುವ ದಪ್ಪನೆಯ ಹೆಂಗಸು.

"ನನ್ ಕೊಡೆ ಮೊದ್ಲು ಬಂದಿತ್ತು ಕಣವ್ವ."

"ಕೊಡೆಗೆ ಆಧಾರ್ ಕಾರ್ಡ್ ಐತಾ?"

ಎಂಟು ವರ್ಷ ನಕ್ಕು ನಕ್ಕು ನೊಂದಿದ್ದ ಮಾರ್ತಮ್ಮನ ದವಡೆಯ ಬೀಗ ಅಲ್ಲಿ ಕಳಚಿಕೊಂಡಿತು. "ನೀನು ಪುಕ್ಸಟ್ಟೆ ಓಗೋಳು, ನಾನು ಪರದೇಸದೋಳು, ಕಾಸು ಕೊಟ್ಟು ಓಗೋಳು. ಕಾಲ್ತಗಿ ಅತ್ಲಾಗೆ. ಬಸ್ಸೇನು ನಿಮ್ಮಪ್ಪನ ತ್ವಾಟವಾ?"

ಕಂಡಕ್ಟರ್ ಟಿಕೆಟ್ ಹರಿಯುವುದು ನಿಲ್ಲಿಸಿದ. ಡ್ರೈವರ್ ಗಾಡಿ ನಿಧಾನ ಮಾಡಿದ. ಬಾಗಿಲ ಕಂಬಿಗೆ ಜೋತುಬಿದ್ದಿದ್ದ ಒಬ್ಬ ಮಾತ್ರ ಮುಖ ಆಚೆ ತಿರುಗಿಸಿಕೊಂಡ. ಸುಬ್ಬಮ್ಮ ಗೌರವದಿಂದ ಅರ್ಧ ಸೀಟು ಸರಿದಳು.

"ಯಾರತ್ರ ಕಲ್ತೆ ತಾಯಿ ಇಂಥಾ ಮಾತಾ?"

"ನಮ್ ಬೆಟ್ಟಮ್ಮನತ್ರ."

"ಒಳ್ಳೆ ಇಸ್ಕೂಲು," ಅಂದಳು ಸುಬ್ಬಮ್ಮ. ಅವಳ ಸೊಸೆ ರಂಜಿತಾಗೂ ಅದೇ ಸಮಾರಂಭದಲ್ಲಿ ಸರ್ಟಿಫಿಕೇಟ್ ಇತ್ತು.

ಸಭೆಯಲ್ಲಿ ಎರಿಕ್ ಮೈಕಿನ ಮುಂದೆ ನಿಂತ. "ಪ್ರಿಯ ಸಹೋದರಿಯರೇ," ಅಂದ. ಜೇಬು ಮುಟ್ಟಿಕೊಂಡ. ಮತ್ತೆ "ಪ್ರಿಯ ಸಹೋದರಿಯರೇ" ಅಂದ. ಮೂರನೇ ಸಲಕ್ಕೆ ಹಿಂದಿನ ಸಾಲಿನ ಮಗು ಅಳತೊಡಗಿತು. ಎರಿಕ್‌ನ ಹಣೆಯಿಂದ ಹೇಮಾವತಿ ಹರಿಯುತ್ತಿದ್ದಳು.

ಮಾರ್ತಮ್ಮ ಎದ್ದಳು. ಗಂಡ ಕಣ್ಣಲ್ಲೇ ಬೇಡ ಅಂದ. ಆಕೆ ಮೈಕು ಈಸಿಕೊಂಡಳು.

"ಭಾಷಣ ಅರಕಲಗೂಡಿಗೆ ಓಯ್ತು ಕಣ್ರವ್ವ. ನಾನೇ ಎಸ್ದಿದ್ದು."

ಸಭೆ ಗೊಳ್ಳೆಂದಿತು. ಆಕೆ ಬಸ್ಸಿನ ಜಗಳ ಪೂರ್ತಿ ಹೇಳಿದಳು. ಆಮೇಲೆ ದನಿ ತಗ್ಗಿಸಿದಳು. "ಎಂಟು ವರ್ಸ ನಾನೂ ಒಂದು ಟವಲ್ಲೇ ಕಣ್ರಿ. ಪಾದ್ರಿಗಳ ಪಕ್ಕದ ಕುರ್ಚಿ ಮೇಲೆ ಆಕಿದ್ರು, ಬಿದ್ದಿದ್ದೆ. ಟವಲ್ಲು ಮಾತಾಡ್ತದೆ ಅಂತ ಇವತ್ತೇ ಗೊತ್ತಾಗಿದ್ದು. ನಿಮ್ಮಲ್ಲಿ ಎಷ್ಟು ಜನ ಟವಲ್ಲಾಗಿದೀರಾ, ಕೈ ಎತ್ತಿ."

ಮೊದಲು ಮುಂದಿನ ಸಾಲಲ್ಲಿ ಒಂದು ಕೈ ಎದ್ದಿತು. ಆಮೇಲೆ ಒಂದೊಂದಾಗಿ ಇನ್ನೂರು ಕೈ ಮೇಲೆದ್ದವು. ಚಪ್ಪಾಳೆಗೆ ನುಗ್ಗೇಹಳ್ಳಿಯ ತೆಂಗಿನಕಾಯಿಗಳು ಉದುರಿದವಂತೆ. ಎರಿಕ್ ಕೂಡ ತಟ್ಟಿದ, ಸ್ವಲ್ಪ ತಡವಾಗಿ.

ಗೆದ್ದು ಬಂದ ಮಾರ್ತಮ್ಮ ತನ್ನ ಕುರ್ಚಿ ನೋಡಿದರೆ, ಅದರ ಮೇಲೆ ಕೊಳೆ ಮೆತ್ತಿದ ಟವಲ್ಲು. ಟವಲ್ಲಿನ ಮೇಲೆ ಸುಬ್ಬಮ್ಮ.

"ಇನ್ಮೇಲೆ ನೀವು ಕೂರಾಕಿಲ್ಲ ಬುಡಿ ತಾಯಿ, ಮೈಕ್ ಮುಂದೇನೇ ನಿಂತಿರ್ತೀರಾ," ಅಂದಳು ಸುಬ್ಬಮ್ಮ, ಅಲುಗಾಡದೆ.

ಎಲ್ಲೂ ಜಾಗವಿಲ್ಲದೆ ಮಾರ್ತಮ್ಮ ಬಾಗಿಲಿಗೆ ಬಂದಳು. ಅಲ್ಲಿ ಕಂಬದ ಮರೆಯಲ್ಲಿ ಪುಟ್ಟಸ್ವಾಮಿ.

"ಯಾಕ್ಲಾ, ಅರಕಲಗೂಡು ಬಸ್ಸ ಯಾಕೆ ತೋರಿಸ್ದೆ?"

ಪುಟ್ಟಸ್ವಾಮಿ ಬಾಯಿ ಬಿಡಲಿಲ್ಲ. ಬಿಡಬೇಕಾದ ಬಾಯಿ ಇಷ್ಟು ಹೊತ್ತೂ ನಿಮಗೆ ಈ ಕತೆ ಹೇಳುತ್ತಿದೆಯಲ್ಲ. ಹೌದು, ಆ ಪುಟ್ಟಸ್ವಾಮಿ ನಾನೇ. ಸುಬ್ಬಮ್ಮನ ಗಂಡ. ನಮ್ಮ ಬಸ್ಸಿನ ಸೀಟಿನ ಪೈಪೋಟಿಗೆ ಎರಡು ಜನ ಕಮ್ಮಿಯಾಗಲಿ ಅಂತ ತೋರಿಸಿದೆ. ನನ್ನ ಟವಲ್ಲು ಈ ಜನ್ಮದಲ್ಲಿ ಹತ್ತಡಿ ಹಾರಿಲ್ಲ. ಆವತ್ತೂ ಕಿಟಕಿ ಕಂಬಿಗೆ ತಾಗಿ ಚರಂಡಿಗೆ ಬಿತ್ತು. ಪಟ್ಟಣದವರೆಗೂ ಬಾಗಿಲಲ್ಲಿ ಜೋತುಬಿದ್ದು ಬಂದವನು ನಾನೇ.

ಕುರ್ಚಿ ಮೇಲಿದ್ದದ್ದು ಚರಂಡಿಯಿಂದ ಎತ್ತಿಕೊಂಡು ಬಂದಿದ್ದ ಅದೇ ಟವಲ್ಲು. ಮೂವತ್ತು ವರ್ಷದಲ್ಲಿ ಅದು ಹಿಡಿದ ಮೊದಲನೇ ಸೀಟು. ಅದನ್ನೂ ನಾನು ಎಸೆದದ್ದಲ್ಲ, ಸುಬ್ಬಮ್ಮ ಕೈಯಾರೆ ಹಾಸಿದ್ದು.