ನಲವತ್ತೈದು ಸಾವಿರದ ಸಾರು

ಭಾನುವಾರ ಬೆಳಗ್ಗೆ ಅನುಸೂಯಮ್ಮನ ಕೈಯಿಂದ ಕಾಫಿ ಲೋಟ ಜಾರಿ ಬಿತ್ತು. ಸ್ಟೀಲ್ ಲೋಟವಾದ್ದರಿಂದ ಅದಕ್ಕೇನೂ ಆಗಲಿಲ್ಲ. ಆದರೆ ಅದನ್ನು ಎತ್ತಿಕೊಳ್ಳಲು ಬಗ್ಗಿದ ಹೆಂಡತಿ ಬಲಗೈ ಬಿಟ್ಟು ಎಡಗೈ ಚಾಚಿದ್ದು ಸೊಣ್ಣಪ್ಪನವರ ಕಣ್ಣಿಗೆ ಬಿತ್ತು. ಬಲಗೈಯ ಮಣಿಕಟ್ಟು ಊದಿ ಬದನೆಕಾಯಿಯಂತಾಗಿತ್ತು.

"ಡಾಕ್ಟ್ರತ್ರ ಓಗಿದ್ಯಲ್ಲ, ಏನಂದ್ರು?"

"ಕೈಗೆ ರೆಸ್ಟ್ ಕೊಡಿ ಅಂದ್ರು. ಅದೇ ಒಂದ್ ಮಾತು ಏಳ್ಬೇಕಿತ್ತು, ಇವ್ರೇ..."

ಸೊಣ್ಣಪ್ಪ ಮುಂದಿನದನ್ನು ಕೇಳಿಸಿಕೊಳ್ಳಲಿಲ್ಲ. ಅವರ ಎದೆಯಲ್ಲಿ ಆಗಲೇ ಅಪರಾಧ ಸಾಬೀತಾಗಿತ್ತು. ದೊಡ್ಡನೆಕ್ಕುಂದಿಯ ಹಳೇ ಊರಿನ ಆ ಬೀದಿಯಲ್ಲಿ ಅವರಷ್ಟು ಸಾಧು ಮನುಷ್ಯ ಇನ್ನೊಬ್ಬರಿರಲಿಲ್ಲ. ಪಕ್ಕದ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ನಿಂತೇ ನಿವೃತ್ತರಾದವರು, ಬೀಡಿ ಇಲ್ಲ, ಇಸ್ಪೀಟಿಲ್ಲ. ಇದ್ದದ್ದು ಒಂದೇ ಹಟ. ಮಿಕ್ಸಿಯಲ್ಲಿ ರುಬ್ಬಿದ ಮಸಾಲೆ ಅವರ ನಾಲಿಗೆಗೆ ಸೇರದು. ಹಿಂದೊಮ್ಮೆ ಅನುಸೂಯಮ್ಮ ಆಸೆಪಟ್ಟು ತಂದ ಮಿಕ್ಸಿಯ ಮೊದಲ ದಿನವೇ ಅವರು ತಟ್ಟೆ ಬಿಟ್ಟು ಎದ್ದುಹೋಗಿದ್ದರು, ಮಿಕ್ಸಿ ಅಂಗಡಿಗೆ ವಾಪಸಾಗಿತ್ತು. ಅಂದಿನಿಂದ ಹಿತ್ತಲಿನ ರುಬ್ಬುವ ಕಲ್ಲು ಒಣಗಿದ್ದನ್ನು ಅವರು ಕಂಡಿರಲಿಲ್ಲ.

ತನ್ನ ನಾಲಿಗೆಯ ಚಪಲಕ್ಕೆ ಹೆಂಡತಿಯ ಕೈ ಸವೆಯಿತು ಎಂದುಕೊಂಡಾಗ ಅವರಿಗೆ ನಿಜಕ್ಕೂ ಅಳು ಬಂತು. ಕಣ್ಣೊರೆಸಿಕೊಂಡು ಮಹಡಿ ಹತ್ತಿ, ಬಾಡಿಗೆಗಿದ್ದ ದಾವಣಗೆರೆ ಹುಡುಗ ಸಿದ್ದಾರ್ಥನ ಬಾಗಿಲು ತಟ್ಟಿದರು. ಸಾಫ್ಟ್‌ವೇರಿನವನು, ಕೇಳಿದ್ದಕ್ಕೂ ಕೇಳದ್ದಕ್ಕೂ ಸಲಹೆ ಕೊಡುವವನು.

"ಮಾಮೂಲಿ ಮಿಕ್ಸಿ ಬೇಡ ಅಂಕಲ್, ಹೈ ಪವರ್ ಬ್ಲೆಂಡರ್ ತಗೊಳ್ಳಿ. ಎರಡು ಹಾರ್ಸ್ ಪವರ್! ಮೊಬೈಲ್ ಹಾಕಿದ್ರೂ ಪುಡಿ ಮಾಡತ್ತೆ, ವಿಡಿಯೋ ತೋರಿಸ್ಲಾ?"

"ಮೊಬೈಲ್ ಸಾರು ಯಾರ್ಗ್ ಬೇಕಪ್ಪಾ? ಕಲ್ಲಲ್ಲಿ ರುಬ್ಬಿದಂಗೆ ಬತ್ತದಾ ಅದನ್ನೇಳು."

"ಬರತ್ತೆ. ನಲವತ್ತೈದು ಸಾವಿರ."

ಸೊಣ್ಣಪ್ಪ ಮೆಟ್ಟಿಲ ಮೇಲೇ ಕೂತುಬಿಟ್ಟರು. ಆ ದುಡ್ಡಿಗೆ ಅವರ ಕಾಲದಲ್ಲಿ ಎರಡು ಹಸು ಬರುತ್ತಿದ್ದವು, ಕರುವೂ ಜೊತೆಗೆ. ಆದರೂ ಕಣ್ಣ ಮುಂದೆ ಆ ಊದಿದ ಕೈ ಬಂತು. ಕಣ್ಣಾರೆ ಪರೀಕ್ಷೆ ಮಾಡದೆ ಒಂದು ಬೋಲ್ಟನ್ನೂ ಪಾಸು ಮಾಡಿದವರಲ್ಲ ಅವರು. ಸಿದ್ದಾರ್ಥ ಶೋರೂಮಿಗೆ ಫೋನ್ ಮಾಡಿ, ಮನೆಗೇ ಬಂದು ತೋರಿಸುವ ಏರ್ಪಾಡು ಮಾಡಿದ.

ಹನ್ನೊಂದಕ್ಕೆ ಶೋರೂಮಿನ ಅಂಜನ್ ಸೀಲ್ ಒಡೆಯದ ದೊಡ್ಡ ಡಬ್ಬ ಹೊತ್ತು ಬಂದ. ಹಿಂದೆಯೇ ಪಕ್ಕದ ಮನೆ ಬೈರಮ್ಮ ಬಂದಳು. ಆ ಬೀದಿಯಲ್ಲಿ ಡಬ್ಬ ಯಾರ ಮನೆಗೆ ಬಂದರೂ ಬಿಚ್ಚುವಾಗ ಬೈರಮ್ಮ ಇರಬೇಕು.

ಸೊಣ್ಣಪ್ಪ ನಿಯಮ ಹೇಳಿದರು. ಒಂದೇ ಮಸಾಲೆ, ಎರಡು ಪಾಲು. ಒಂದನ್ನು ಬೈರಮ್ಮ ಕಲ್ಲಲ್ಲಿ ರುಬ್ಬಬೇಕು, ಇನ್ನೊಂದನ್ನು ಮಿಶೀನು. ಎರಡು ಪಾತ್ರೆಯಲ್ಲಿ ಬಸ್ಸಾರು. ತಾವು ಕಣ್ಣು ಮುಚ್ಚಿಕೊಂಡು ರುಚಿ ನೋಡುವುದು. ಯಾವುದು ಕಲ್ಲಿನದು, ಯಾವುದು ಮಿಶೀನಿನದು ಎಂದು ಸರಿಯಾಗಿ ಗುರುತಿಸಲಾಗದಿದ್ದರೆ ಮಾತ್ರ ದುಡ್ಡು.

"ನಾನಾ? ಕಲ್ಲಲ್ಲಾ?" ಬೈರಮ್ಮ ಅನುಸೂಯಮ್ಮನ ಮುಖ ನೋಡಿದಳು. ಅನುಸೂಯಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು, "ಇವ್ರೇ, ಒಸಿ ಒಳಿಕ್ ಬನ್ನಿ, ಮಾತೈತೆ" ಎಂದರು.

"ನೀನ್ ಸುಮ್ಕೆ ಕೂತ್ಕೊ, ಕೈ ಅಲ್ಲಾಡಿಸ್ಬ್ಯಾಡ" ಎಂದರು ಸೊಣ್ಣಪ್ಪ ಅಕ್ಕರೆಯಿಂದ.

ಅಂಜನ್ ಮುಚ್ಚಳ ಒತ್ತುವ ಮೊದಲೇ ಸಿದ್ದಾರ್ಥ ಉತ್ಸಾಹದಲ್ಲಿ ಗುಂಡಿಯನ್ನು ಹತ್ತಕ್ಕೆ ತಿರುಗಿಸಿದ. ಬೋರ್‌ವೆಲ್ ಲಾರಿ ಅಡುಗೆಮನೆಗೆ ನುಗ್ಗಿದಂಥ ಸದ್ದಾಯಿತು. ಮಸಾಲೆ ಸೀದಾ ಸೂರಿಗೆ ಹೋಗಿ, ಅಲ್ಲಿಂದ ಅವನ ಬಿಳಿ ಟೀ ಶರ್ಟಿಗೂ ದೇವರ ಕ್ಯಾಲೆಂಡರಿಗೂ ಸಮನಾಗಿ ಹಂಚಿಕೆಯಾಯಿತು. ಕಲ್ಲಿನ ಪಾಲಿನಿಂದ ಅರ್ಧ ತೆಗೆದು ಮತ್ತೆ ಹಾಕಿದರು. ಈ ಸಲ ಒಂದೇ ನಿಮಿಷಕ್ಕೆ ಮಸಾಲೆ ಬೆಣ್ಣೆಯಾಗಿ ಬಂತು. ಹಿತ್ತಲಿನಲ್ಲಿ ಬೈರಮ್ಮ ಮುಕ್ಕಾಲು ಗಂಟೆ ಏದುಸಿರು ಬಿಟ್ಟಳು.

ಮಧ್ಯಾಹ್ನ ಬಿಸಿ ಮುದ್ದೆಯ ಜೊತೆ ಎರಡು ಬಟ್ಟಲು ಬಂದವು. ಸೊಣ್ಣಪ್ಪ ಕಣ್ಣು ಮುಚ್ಚಿ ಮೊದಲ ಬಟ್ಟಲಿಗೆ ಮುದ್ದೆ ಅದ್ದಿ ನುಂಗಿದರು. ಮುಖ ಕಿವುಚಿದರು.

"ಇದು ಮಿಶೀನು. ಜೀವ ಇಲ್ಲ."

ಎರಡನೆಯದನ್ನು ನುಂಗಿದ ಮೇಲೆ ಅವರ ಮುಖ ಅರಳಿತು. "ಇದಪ್ಪಾ ಕಲ್ಲು ಅಂದ್ರೆ! ನಮ್ ಅನುಸೂಯಾ ಮಾಡೋ ಸಾರು ಇದೇಯ!"

"ಸಾರ್, ಎರಡನೇದೇ ನಮ್ ಮಿಶೀನ್ದು!" ಅಂಜನ್ ಕುಣಿದಾಡಿಬಿಟ್ಟ.

ಸೊಣ್ಣಪ್ಪ ಕಣ್ಣು ಬಿಟ್ಟರು. ಸೋತರೂ ಅವರಿಗೆ ಸಂತೋಷವೇ. ಮಾತಿಗೆ ತಪ್ಪುವವರಲ್ಲ. ಅನುಸೂಯಮ್ಮ "ಒಸಿ ತಾಳಿ, ತಾಳಿ ಅಂದೆ" ಎನ್ನುತ್ತಿರುವಾಗಲೇ ಸಿದ್ದಾರ್ಥನ ಸಹಾಯದಿಂದ ಫೋನಿನಲ್ಲಿ ದುಡ್ಡು ಹೋಯಿತು.

"ಸೀಲ್ ಒಡೆದಿದೆ ಸಾರ್, ಇನ್ ವಾಪಸ್ ತಗೊಳಲ್ಲ" ಎಂದು ಅಂಜನ್ ಬಿಲ್ಲು ಕೊಟ್ಟ.

ಅಷ್ಟು ಹೊತ್ತು ತಡೆದುಕೊಂಡಿದ್ದ ಬೈರಮ್ಮ ಆಗ ಸಿಡಿದಳು. "ಅಲ್ಲ ಸೊಣ್ಣಪ್ಪಣ್ಣ, ನನ್ ರಟ್ಟೆ ಬಿದ್ದೋಗಂಗೆ ರುಬ್ಬಿದ್ದು ಜೀವ ಇಲ್ದಿದ್ದು! ಅನ್ನೆರಡ್ ವರ್ಸದಿಂದ ನೀವು ಉಣ್ತಿರೋದು ನಮ್ಮನೆ ಮಿಕ್ಸೀಲಿ ರುಬ್ಬಿದ್ ಸಾರು! ಮೂರ್ ಸಾವಿರದ್ ಮಿಕ್ಸಿ!"

ಸೊಣ್ಣಪ್ಪ ಹೆಂಡತಿಯ ಕಡೆ ತಿರುಗಿದರು. "ಕಲ್ಲು ದಿನಾ ಒದ್ದೆ ಇರ್ತಿತ್ತಲ್ಲೇ?"

"ಎರಡ್ ಚೊಂಬು ನೀರ್ ಉಯ್ತಿದ್ದೆ" ಎಂದರು ಅನುಸೂಯಮ್ಮ ನೆಲ ನೋಡುತ್ತ.

ಬೈರಮ್ಮ ಜಗಳಕ್ಕೆ ಕಾದಳು. ಆದರೆ ಸೊಣ್ಣಪ್ಪನವರಿಗೆ ಬಂದದ್ದು ಸಿಟ್ಟಲ್ಲ, ಬೆಳಗ್ಗಿನಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದು ಹಗುರಾಯಿತು. ದುಡ್ಡು ಹೋದರೆ ಹೋಗಲಿ, ಹೆಂಡತಿಯ ಕೈ ಕೆಡಲು ತಾವು ಕಾರಣರಲ್ಲವಲ್ಲ! ನಿಶ್ಚಿಂತೆಯಿಂದ ಇನ್ನೊಂದು ತುತ್ತು ಮುರಿದರು.

"ಅಂಗಾದ್ರೆ ಕೈ ಯಾಕ್ ಊದ್ಕೊಂತೇ?"

ಅನುಸೂಯಮ್ಮ ಗಂಡನ ತಟ್ಟೆಯನ್ನೇ ನೋಡಿದರು. ತಟ್ಟೆಯಲ್ಲಿ ಮುದ್ದೆ ಆವಿಯಾಡುತ್ತಿತ್ತು.

"ಮುದ್ದೆ ತೊಳ್ಸಿ ತೊಳ್ಸಿ," ಎಂದರು ಮೆಲ್ಲಗೆ. "ಮೂವತ್ನಾಕ್ ವರ್ಸ, ಎರಡೊತ್ತೂ. ಒಂದ್ ಗಂಟಿದ್ರೂ ನೀವ್ ಉಣ್ಣಲ್ಲ. ಡಾಕ್ಟ್ರೂ ಅದ್ನೇ ಬಿಡಿ ಅಂದ್ರು. ಬೆಳಿಗ್ಗಿಂದ ಮೂರ್ ಸಲ ಏಳಕ್ ಬಂದೆ."

ಮುರಿದ ತುತ್ತು ತಟ್ಟೆಗೆ ಮರಳಿತು. ಸೊಣ್ಣಪ್ಪ ಕೊನೆಯ ಆಸೆಯಿಂದ ಅಂಜನ್ನನತ್ತ ನೋಡಿದರು. "ಮರೀ, ಇದ್ರಲ್ಲಿ ಮುದ್ದೆ..."

"ಆಗಲ್ಲ ಸಾರ್. ಐಸ್‌ಕ್ರೀಮ್ ಆಗತ್ತೆ."

ಸಂಜೆ ಸೊಣ್ಣಪ್ಪ ಪಂಚೆ ಎತ್ತಿ ಕಟ್ಟಿ, ಪಾತ್ರೆಯನ್ನು ಎರಡೂ ಪಾದಗಳ ನಡುವೆ ಸಿಕ್ಕಿಸಿಕೊಂಡು, ಮುದ್ದೆ ಕೋಲು ಹಿಡಿದು ಕುಕ್ಕರಗಾಲಲ್ಲಿ ಕೂತರು. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕಿತು. ಅನುಸೂಯಮ್ಮ ಎಡಗೈಯಲ್ಲಿ ಒಂದು ತುತ್ತು ಮುರಿದು, ಬಾಯಿಗಿಟ್ಟು, ಬಹಳ ಹೊತ್ತು ಯೋಚಿಸಿದರು. ಆಮೇಲೆ ತಟ್ಟೆಯನ್ನು ಮೆಲ್ಲಗೆ ಮುಂದಕ್ಕೆ ತಳ್ಳಿದರು.

"ಗಂಟೈತೆ. ಇನ್ನೊಂದ್ಸಲ ತೊಳ್ಸಿ."